ಲಿಬ್ರೆಆಫೀಸ್: ಕಚೇರಿಯ ಕನ್ನಡ ಕೆಲಸಕ್ಕೆ ಸಾಕಾಗುತ್ತಾ?

ಅರ್ಜಿ, ನಡಾವಳಿ, ಸುತ್ತೋಲೆ, ಟಿಪ್ಪಣಿ. ಇಷ್ಟೇ ನಿಮ್ಮ ಕೆಲಸವಾದರೆ ಧಾರಾಳವಾಗಿ ಸಾಕು. ಲಿಬ್ರೆಆಫೀಸ್ ಅಂದರೆ ವರ್ಡ್, ಎಕ್ಸೆಲ್ ಥರದ ಕಚೇರಿ ತಂತ್ರಾಂಶ. ವಿಂಡೋಸ್, ಅದರ ಬದಲಿಗೆ ಬಳಸುವ ಲಿನಕ್ಸ್ ಎರಡರಲ್ಲೂ ಓಡುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಆದರೆ ನನಗೆ ಇದು ಇಷ್ಟವಾಗಿದ್ದು ಪುಕ್ಕಟೆ ಅಂತಲ್ಲ. ಪುಕ್ಕಟೆ ಅಂದರೆ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶವೂ ಪುಕ್ಕಟೆಯೇ, ಅಲ್ವಾ?

ಗೋಳು ಇರುವುದು ಫೈಲಿನಲ್ಲಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತದೊಳಗೆ ನಿಜಕ್ಕೂ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಕಲಸುಮೇಲೋಗರ. ಅದರಲ್ಲಿ ನಿಮ್ಮ ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ತಲೆಬುಡ ತಿಳಿಯುವುದಿಲ್ಲ. ಇ-ಆಡಳಿತಕ್ಕೆ ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಬಳಸಬೇಕು ಅಂತ ಕೇಂದ್ರ ಸರ್ಕಾರ ಹೇಳಿದ್ದು 2009ರಲ್ಲಿ. 2010ರಲ್ಲಿ ಓಪನ್ ಸ್ಟ್ಯಾಂಡರ್ಡ್ (ಎಲ್ಲರಿಗೂ ತೆರೆದ ಮಾನದಂಡ) ನೀತಿ, 2015ರಲ್ಲಿ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶ) ನೀತಿ ಬಂದವು. ಈಗಿನ ನುಡಿಯಲ್ಲೂ ಯೂನಿಕೋಡ್ ಇದೆ. ಆದರೂ ಮೊನ್ನೆ ಒಂದು ಕಚೇರಿಯಲ್ಲಿ ನನ್ನ ಯೂನಿಕೋಡ್ ಪತ್ರ ನೋಡಿ, ‘ಇದು ಬೇಡ ಸಾರ್, ನುಡಿ 01 ಇ ಫಾಂಟಲ್ಲೇ ಮಾಡಿಕೊಂಡು ಬನ್ನಿ’ ಅಂದರು!

ಲಿಬ್ರೆಆಫೀಸಿಗೆ ಬರೋಣ. ನುಡಿ ಕೀಲಿಮಣೆಗೆ ಕೈ ಕೂತವರು ಹೆದರಬೇಕಾಗಿಲ್ಲ. ಲಿನಕ್ಸಿನಲ್ಲಿ ಕೆಜಿಪಿ ಅನ್ನುವ ಹೆಸರಿನಲ್ಲಿ ಅದೇ ವಿನ್ಯಾಸ ಸಿಗುತ್ತದೆ, ಅದೇ ಬೆರಳಿಗೆ ಯೂನಿಕೋಡ್ ಅಕ್ಷರ ಬೀಳುತ್ತದೆ. ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಕೂರುತ್ತವೆ.

ಎಡವಟ್ಟು ಇರುವುದು ಸೆಟ್ಟಿಂಗ್ಸಿನಲ್ಲಿ. ಲಿಬ್ರೆಆಫೀಸ್ ಕನ್ನಡವನ್ನು ‘ಕಾಂಪ್ಲೆಕ್ಸ್ ಟೆಕ್ಸ್ಟ್’ ಅನ್ನುವ ಬೇರೆ ಗುಂಪಿಗೆ ಹಾಕಿದೆ. ಸ್ಟೈಲ್ ತಿದ್ದುವಾಗ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು ಫಾಂಟ್, ಅಳತೆಯೂ ಬೇರೆ ಬೇರೆ. ಇದು ಗೊತ್ತಿಲ್ಲದವರು ಅಕ್ಷರ ದೊಡ್ಡದು ಮಾಡಲು ಹೋಗಿ, ಇಂಗ್ಲಿಷ್ ಮಾತ್ರ ದೊಡ್ಡದಾಗಿ ಕನ್ನಡ ಇದ್ದ ಹಾಗೇ ಉಳಿದಾಗ ತಂತ್ರಾಂಶವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಟೂಲ್ಸ್‌ನಲ್ಲಿ ಆಪ್ಷನ್ಸ್, ಅಲ್ಲಿ ಲ್ಯಾಂಗ್ವೇಜ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಎದುರು ಕನ್ನಡ ಆರಿಸಿಕೊಳ್ಳಿ. ಮೊದಲ ದಿನವೇ ಮಾಡಿ.

ವರ್ಡ್‌ನಿಂದ ಬಂದ ಡಾಕ್ಸ್ (.docx) ಫೈಲು ತೆರೆಯುತ್ತದೆ, ಆದರೆ ಕೋಷ್ಟಕ ಜಾಸ್ತಿ ಇದ್ದರೆ ಸಾಲು, ಪುಟ ಜರುಗುತ್ತವೆ. ಅರ್ಧ ಕಾರಣ ಫಾಂಟ್: ವಿಂಡೋಸಿನ ಕನ್ನಡ ಫಾಂಟ್ ತುಂಗಾದಲ್ಲಿ ಮಾಡಿದ್ದು ಲಿನಕ್ಸಿನಲ್ಲಿ ತುಂಗಾ ಇಲ್ಲದೆ ಬೇರೆ ಫಾಂಟಿಗೆ ಇಳಿಯುತ್ತದೆ. ಲಿಬ್ರೆಆಫೀಸ್ ತಾನಾಗಿ ಬಳಸುವುದು ಓಡಿಎಫ್ ಅನ್ನುವ ಕಡತದ ರೂಪ, ಅದು 2006ರಿಂದ ಐಎಸ್‌ಒ (ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆ) ಒಪ್ಪಿದ ಮಾನದಂಡ. ನನಗೆ ತುಂಬಾ ಹಿಡಿಸಿದ್ದು ಹೈಬ್ರಿಡ್ ಪಿಡಿಎಫ್. ರಫ್ತು ಮಾಡುವಾಗ ಒಂದು ಟಿಕ್ ಹಾಕಿದರೆ ಪಿಡಿಎಫ್ ಒಳಗೇ ಮೂಲ ಕಡತವೂ ಕೂತಿರುತ್ತದೆ. ಓದುವವರಿಗೆ ಪಿಡಿಎಫ್, ಲಿಬ್ರೆಆಫೀಸ್ ಇರುವವರಿಗೆ ತಿದ್ದಬಹುದಾದ ಪತ್ರ. ಸುತ್ತೋಲೆಗಳಿಗೆ ಇದಕ್ಕಿಂತ ಇನ್ನೇನು ಬೇಕು?

ದೊಡ್ಡ ಸರ್ಕಾರಗಳಿಗೆ ಇದು ಆಗಿಬರುತ್ತದಾ ಅಂತ ಕೇಳುವವರಿಗೆ: ಜರ್ಮನಿಯ ಮ್ಯೂನಿಕ್ ನಗರ ಲಿನಕ್ಸಿಗೆ ಬದಲಾಗಿ, 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೋಗುವ ತೀರ್ಮಾನ ಮಾಡಿತು. ಆದರೆ ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರುಗಳನ್ನು ಲಿಬ್ರೆಆಫೀಸಿಗೆ ತರುತ್ತೇವೆ ಅಂತ ಘೋಷಿಸಿತು. ಅಷ್ಟು ದೂರ ಯಾಕೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಶಾಲೆಗಳಲ್ಲಿ ಲಿನಕ್ಸ್, ಲಿಬ್ರೆಆಫೀಸ್ ಮೇಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಮ್ಯಾಕ್ರೋಗಳಿಗೆ, ಅಂದರೆ ಹಾಳೆಯೊಳಗೆ ಕೂರಿಸಿದ ಪುಟ್ಟ ಪ್ರೋಗ್ರಾಂಗಳಿಗೆ. ಎಕ್ಸೆಲ್‌ನ ಮ್ಯಾಕ್ರೋ ಇಲ್ಲಿ ಸರಿಯಾಗಿ ಓಡದೇ ಇರಬಹುದು. ಮೇಲಿನ ಕಚೇರಿಯಿಂದ ಮ್ಯಾಕ್ರೋ ತುಂಬಿದ ಎಕ್ಸೆಲ್ ಹಾಳೆ ಬರುತ್ತಿದ್ದರೆ ಸುಮ್ನೆ ಒದ್ದಾಡಬೇಡಿ, ಒಂದು ಕಂಪ್ಯೂಟರಿನಲ್ಲಿ ಎಕ್ಸೆಲ್ ಇಟ್ಟುಕೊಳ್ಳಿ, ಮಿಕ್ಕಿದ್ದಕ್ಕೆಲ್ಲ ಇದನ್ನು ಹಾಕಿ.