ಗುಳಿಗೆಯೋ, ಕೊರಳಪಟ್ಟಿಯೋ, ಹನಿ ಔಷಧಿಯೋ: ಉಣುಗಿಗೆ ಯಾವುದು ವಾಸಿ?

ನಾಯಿ ಸಾಕಿದವರು ಉಣುಗಿನ ಔಷಧಿ ಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ಒಂದೇ: ಯಾವುದು ಬೇಗ ಸಾಯಿಸುತ್ತದೆ? ಉಣುಗು ಕಚ್ಚಿ ಹರಡುವ ಲೈಮ್ ಕಾಯಿಲೆ ಇರುವ ಕಡೆ ಇಷ್ಟು ಕೇಳಿದರೆ ಸಾಲದು. ಉಣುಗು ಕಚ್ಚಿದ ಮೇಲೆ ಸಾಯುತ್ತದೋ, ಕಚ್ಚುವ ಮೊದಲೇ ಕಾಲು ಕೀಳುತ್ತದೋ ಅಂತಲೂ ಕೇಳಬೇಕು. ಮೊದಲನೆಯದರಿಂದ ನಾಯಿ ಬಚಾವು. ಎರಡನೆಯದರಿಂದ ನಾವೂ ಸ್ವಲ್ಪ ಬಚಾವು. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಲೆಕ್ಕ ಇದು.

ಮೊದಲು ಗುಳಿಗೆ. ಫ್ಲೂರಲಾನರ್ ಕೊಟ್ಟರೆ ಸುಮಾರು 12 ವಾರ ನಡೆಯುತ್ತದೆ. ಅಫಾಕ್ಸೊಲಾನರ್, ಸರೋಲಾನರ್ ಆದರೆ ತಿಂಗಳಿಗೊಮ್ಮೆ. ನಮ್ಮ ನಾಯಿ ತಿಂಡಿ ಅಂದುಕೊಂಡು ಕಚಕ್ಕನೆ ತಿಂದುಬಿಡುತ್ತದೆ. ಕೆರೆಗೆ ಹಾರಿದರೂ, ಸ್ನಾನ ಮಾಡಿಸಿದರೂ ಔಷಧಿ ತೊಳೆದುಹೋಗುವ ಚಿಂತೆ ಇಲ್ಲ. ಮಕ್ಕಳು ತಬ್ಬಿಕೊಂಡರೂ ಕೈಗೆ ಏನೂ ಅಂಟುವುದಿಲ್ಲ. ಆದರೆ ಔಷಧಿ ಇರುವುದು ರಕ್ತದಲ್ಲಿ. ಉಣುಗು ಕಚ್ಚಲೇಬೇಕು, ಹೀರಲೇಬೇಕು, ಆಮೇಲೆ ಸಾಯಬೇಕು. ಕೂದಲು ಬಿಡಿಸಿ ನೋಡಿದರೆ ಕಾಲು ಮುದುಡಿಕೊಂಡು, ಚಪ್ಪಟೆಯಾಗಿ ಒಣಗಿದ ಉಣುಗು ಚರ್ಮಕ್ಕೆ ಇನ್ನೂ ಕಚ್ಚಿಕೊಂಡೇ ಇರುತ್ತದೆ.

ಲೈಮ್ ಮಟ್ಟಿಗೆ ಇದು ಸಾಕಾಗುತ್ತದೆ. ಬೊರೇಲಿಯಾ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಲ್ಲಿರುತ್ತದೆ. ಉಣುಗು ರಕ್ತ ಹೀರಲು ಶುರು ಮಾಡಿದ ಮೇಲೆ ಬ್ಯಾಕ್ಟೀರಿಯಾ ಜೊಲ್ಲಿನ ಗ್ರಂಥಿಗೆ ಬಂದು, ಅಲ್ಲಿಂದ ನಾಯಿಯ ಮೈಗೆ ಇಳಿಯಲು ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಬೇಕು. ಅಷ್ಟರೊಳಗೆ ಉಣುಗು ಸತ್ತರೆ ಗೆದ್ದ ಹಾಗೆ. ತೊಂದರೆ ಇರುವುದು ಇನ್ನೂ ಕಚ್ಚದೆ ಕೂದಲಲ್ಲಿ ಓಡಾಡಿಕೊಂಡು ಒಳಗೆ ಬರುವ ಉಣುಗಿನದು. ಅದಕ್ಕೆ ಗುಳಿಗೆಯ ಸುದ್ದಿಯೇ ಗೊತ್ತಿಲ್ಲ ಅಲ್ವಾ? ಸೋಫಾದ ಹೊದಿಕೆ ಮೇಲೆ ಅಂಥದೊಂದು ಆರಾಮಾಗಿ ನಡೆದು ಹೋಗುವುದನ್ನು ನೋಡಿದ ಮೇಲೆ, ಗುಳಿಗೆಯೊಂದನ್ನೇ ನಂಬುವುದನ್ನು ಬಿಟ್ಟೆ. ಇನ್ನೊಂದು ಮಾತು. ಈ ಜಾತಿಯ ಗುಳಿಗೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತ್ತು. ನಿಮ್ಮ ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಪಶುವೈದ್ಯರಿಗೆ ಮೊದಲೇ ಹೇಳಿ.

ಕೊರಳಪಟ್ಟಿಯ ಗುಣ ಬೇರೆ. ಫ್ಲುಮೆಥ್ರಿನ್ ಮತ್ತು ಇಮಿಡಾಕ್ಲೋಪ್ರಿಡ್ ಇರುವ ಪಟ್ಟಿ 8 ತಿಂಗಳವರೆಗೆ ನಡೆಯುತ್ತದೆ. ಔಷಧಿ ಚರ್ಮದ ಎಣ್ಣೆಯ ಜೊತೆ ಮೈತುಂಬ ಹರಡುತ್ತದೆ. ಉಣುಗು ತಾಗಿದ ಕೂಡಲೇ ತಡಬಡಾಯಿಸುತ್ತದೆ, ಬಹಳಷ್ಟು ಕಚ್ಚದೆಯೇ ಉದುರುತ್ತವೆ. ಆದರೆ ಪಟ್ಟಿ ಚರ್ಮಕ್ಕೆ ತಾಗಿರಬೇಕು, ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ. ದಟ್ಟ ಕೂದಲಿನ ನಾಯಿಗೆ ಸುಮ್ನೆ ಅಲಂಕಾರಕ್ಕೆ ನೇತುಹಾಕಿದರೆ ಉಪಯೋಗವಿಲ್ಲ. ಪದೇಪದೇ ಈಜುವ ನಾಯಿಗೆ 8 ತಿಂಗಳು ಬಾಳುವುದೂ ಇಲ್ಲ. ಇಬ್ಬರು ನಾಯಿ ಗೆಳೆಯರು ಕಚ್ಚಾಡಿ ಆಡುವ ಮನೆಯಲ್ಲಂತೂ ಒಬ್ಬ ಇನ್ನೊಬ್ಬನ ಪಟ್ಟಿ ಅಗಿಯುವ ಅಪಾಯವಿದೆ.

ಹನಿ ಔಷಧಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕೂದಲು ಸರಿಸಿ, ಟ್ಯೂಬಿನ ಮೂತಿಯನ್ನು ಚರ್ಮಕ್ಕೇ ಇಟ್ಟು ಹಿಂಡಬೇಕು. ನಾಯಿ ಒಂದು ಸಲ ಮೈ ಕೊಡವಿದರೆ ಅರ್ಧ ಗೋಡೆಗೆ. ಪರ್ಮೆಥ್ರಿನ್ ಇದ್ದರೆ ಉಣುಗನ್ನು ಓಡಿಸುತ್ತದೆ, ಬರೀ ಫಿಪ್ರೊನಿಲ್ ಆದರೆ ಓಡಿಸುವುದಿಲ್ಲ, ತಾಗಿದ್ದನ್ನು ಸಾಯಿಸುತ್ತದೆ. ಪರ್ಮೆಥ್ರಿನ್ ಬೆಕ್ಕಿಗೆ ವಿಷ, ಜೀವಕ್ಕೇ ಕುತ್ತು. ಬೆಕ್ಕು ನಾಯಿಯ ಬೆನ್ನು ನೆಕ್ಕುವ ಮನೆಯಲ್ಲಿ ಗುಳಿಗೆಯೇ ಸರಿ.

ಬೆಳ್ಳುಳ್ಳಿ, ಟೀ ಟ್ರೀ ಎಣ್ಣೆ ಇತ್ಯಾದಿ ಬೇಡವೇ ಬೇಡ. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತದೆ. ಟೀ ಟ್ರೀ ಎಣ್ಣೆ ನೇರವಾಗಿ ವಿಷ. ನಾಯಿಗೆ ಲೈಮ್ ಲಸಿಕೆ ಇದೆ, ಹಾಕಿಸುವುದು ಒಳ್ಳೆಯದೇ. ಆದರೆ ಅದೇ ಉಣುಗು ತರುವ ಇನ್ನೊಂದು ಬ್ಯಾಕ್ಟೀರಿಯಾ ಅನಾಪ್ಲಾಸ್ಮಾಗೆ ಲಸಿಕೆ ಅಡ್ಡ ಬರುವುದಿಲ್ಲ.

ಈಗ ನಮ್ಮ ಸರದಿ. ಉಣುಗು ಓಡಿಸಲು ಮೈಗೆ ಹಚ್ಚಿಕೊಳ್ಳುವ ಡೀಟ್ ಮತ್ತು ಪಿಕಾರಿಡಿನ್, ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಡೀಟ್ ಅಂಟಂಟು. ಕನ್ನಡಕದ ಫ್ರೇಮು, ವಾಚಿನ ಪ್ಲಾಸ್ಟಿಕ್ ಕೂಡ ಅದರಿಂದ ಹಾಳಾಗುತ್ತವೆ. ಶೇ. 20ರ ಪಿಕಾರಿಡಿನ್‌ಗೆ ಆ ರಗಳೆ ಇಲ್ಲ, ವಾಸನೆಯೂ ಕಮ್ಮಿ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಡೀಟ್ ಅನ್ನು ನಾಯಿಗೆ ಮಾತ್ರ ಹಚ್ಚಬೇಡಿ, ನೆಕ್ಕಿದರೆ ಕಷ್ಟ.

ಆದರೂ ಇವೆರಡಕ್ಕಿಂತ ನನಗೆ ಮೇಲೆನಿಸಿದ್ದು ಶೇ. 0.5ರ ಪರ್ಮೆಥ್ರಿನ್ ಹೊಡೆದು ಒಣಗಿಸಿದ ಕಾಲುಚೀಲ, ಬೂಟು, ಪ್ಯಾಂಟಿನ ಅಂಚು. ಅದು ಬಟ್ಟೆಗೆ ಮಾತ್ರ, ಮೈಗಲ್ಲ. ಉಣುಗು ಮರದಿಂದ ಉದುರುವುದಿಲ್ಲ, ಹಾರುವುದೂ ಇಲ್ಲ. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತದೆ, ತಾಗಿದವರ ಕಾಲು ಹಿಡಿದು ಮೇಲೆ ಹತ್ತುತ್ತದೆ. ಕೆಳಗೇ ತಡೆದರೆ ಮೇಲಿನ ಕೆಲಸ ಉಳಿಯಿತು. ಮನೆಗೆ ಬಂದ ಮೇಲೆ ಬಟ್ಟೆಯನ್ನು ಒಗೆಯುವ ಮೊದಲೇ ಡ್ರೈಯರ್‌ನಲ್ಲಿ ಜೋರು ಬಿಸಿಯಲ್ಲಿ 10 ನಿಮಿಷ ಹಾಕಿ. ತಣ್ಣೀರಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ.

ಯಾವುದನ್ನು ಆರಿಸಿದರೂ ಬೆರಳಾಡಿಸಿ ಹುಡುಕುವುದು ತಪ್ಪುವುದಿಲ್ಲ. ನಾಯಿಯ ಕಿವಿಯೊಳಗೆ, ಪಟ್ಟಿಯ ಕೆಳಗೆ, ಬೆರಳ ಸಂದಿ, ಬಾಲದ ಬುಡ. ನಮ್ಮಲ್ಲಿ ಮಂಡಿಯ ಹಿಂದೆ, ಸೊಂಟ, ಕಂಕುಳು, ತಲೆ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಮನುಷ್ಯರಿಗೆ ಲೈಮ್ ಅಂಟಿಸುವುದರಲ್ಲಿ ಅದರದೇ ದೊಡ್ಡ ಪಾಲು.

ಕೀಳಲು ಕೊಕ್ಕೆಯೋ ಚಿಮುಟವೋ? ನಾಯಿಯ ಕೂದಲ ನಡುವೆ ಉಬ್ಬಿದ ಉಣುಗಿಗೆ ಕೊಕ್ಕೆ ಸಲೀಸು. ಕೆಳಗೆ ತೂರಿಸಿ ತಿರುಗಿಸಿದರೆ ಇಡಿಯಾಗಿ ಬರುತ್ತದೆ. ನಮ್ಮ ಚರ್ಮದ ಮೇಲಿನ ಸಣ್ಣದಕ್ಕೆ ಚೂಪು ಮೂತಿಯ ಚಿಮುಟವೇ ಬೇಕು: ಚರ್ಮಕ್ಕೆ ಅಂಟಿಸಿ ಹಿಡಿದು, ನೇರ ಮೇಲಕ್ಕೆ, ನಿಧಾನವಾಗಿ. ವ್ಯಾಸಲಿನ್ ಬಳಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಕಿತ್ತ ದಿನವನ್ನು ಬರೆದಿಡಿ. ಉಣುಗು ತುಂಬ ಹೊತ್ತು ಕಚ್ಚಿಕೊಂಡಿದ್ದರೆ ಕಿತ್ತ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್‌ನ ಒಂದೇ ಡೋಸ್ ಬೇಕೇ ಎಂದು ವೈದ್ಯರು ನಿರ್ಧರಿಸಲು ಆ ತಾರೀಖು ಬೇಕಾಗುತ್ತದೆ. 3ರಿಂದ 30 ದಿನದೊಳಗೆ ಹರಡುವ ಕೆಂಪು ಕಲೆ ಕಂಡರೆ ಕಾಯಬೇಡಿ. ನಾಯಿಯಲ್ಲಿ ಕಲೆ ಕಾಣುವುದಿಲ್ಲ. ಇವತ್ತು ಒಂದು ಕಾಲು, ಇನ್ನೊಂದು ದಿನ ಮತ್ತೊಂದು ಕಾಲು ಕುಂಟಿದರೆ, ಮೈ ಬಿಸಿಯಿದ್ದು ಊಟ ಬಿಟ್ಟರೆ, ಪಶುವೈದ್ಯರ ಹತ್ತಿರ ಹೋದಾಗ ಉಣುಗಿನ ವಿಷಯವನ್ನು ನೀವೇ ಎತ್ತಿ.