ರೋಟರಿ ಯುವ ವಿನಿಮಯ: ಪ್ರಯಾಣಕ್ಕೆ ಹಣವಿದೆ, ತರಬೇತಿಗೆ?

ಹದಿಹರೆಯದ ಮಕ್ಕಳನ್ನು ಒಂದು ಶೈಕ್ಷಣಿಕ ವರ್ಷ ಹೊರದೇಶದ ಕುಟುಂಬಗಳ ಜೊತೆ ಇರಿಸಿ ಅಲ್ಲಿನ ಶಾಲೆಯಲ್ಲಿ ಓದಿಸುವ ರೋಟರಿ ಯುವ ವಿನಿಮಯ ಕಾರ್ಯಕ್ರಮವನ್ನು ಅನೇಕ ಪೋಷಕರು ವಿದ್ಯಾರ್ಥಿವೇತನವೆಂದು ಭಾವಿಸಿ ವಿಚಾರಿಸಲು ಬರುತ್ತಾರೆ. ಅದು ವಿದ್ಯಾರ್ಥಿವೇತನವಲ್ಲ. ಪಿಯು ಕಾಲೇಜಿನಲ್ಲಿ ಪಾಠ ಹೇಳುವ ನಾನು ಈ ಕಾರ್ಯಕ್ರಮದಡಿ ಹೋಗಿಬಂದ ನಮ್ಮ ಮಕ್ಕಳನ್ನೂ, ಇಲ್ಲಿಗೆ ಬಂದು ನಮ್ಮ ತರಗತಿಯಲ್ಲಿ ಕುಳಿತ ಪರದೇಶದ ಮಕ್ಕಳನ್ನೂ ಕಂಡಿದ್ದೇನೆ. ರೋಟರಿಯದೇ ನಾಯಕತ್ವ ಶಿಬಿರವಾದ ‘ರೈಲಾ’ದಲ್ಲಿ ಸಂಪನ್ಮೂಲ ವ್ಯಕ್ತಿಯಾಗಿಯೂ ಕೆಲಸ ಮಾಡಿದ್ದೇನೆ. ಪೋಷಕರಿಗೆ ಒಂದು ಸೇವೆಯಾಗಿ ಇದು ಏನು ಕೊಡುತ್ತದೆ, ಅದರ ಖರ್ಚನ್ನು ಹೊರುವವರು ಯಾರು, ನಾಯಕತ್ವ ತರಬೇತಿ ಎಂದು ಕರಪತ್ರದಲ್ಲಿ ಅಚ್ಚಾಗುವ ಮಾತಿಗೆ ನಿಜಕ್ಕೂ ಹಣ ಇಟ್ಟಿರುತ್ತಾರೆಯೇ ಎಂಬುದನ್ನಷ್ಟೇ ಇಲ್ಲಿ ಪರಿಶೀಲಿಸಿದ್ದೇನೆ.

ಮೊದಲು ಖರ್ಚಿನ ಲೆಕ್ಕ. ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನ ವಿದ್ಯಾರ್ಥಿಯ ಹೋಗಿಬರುವ ವಿಮಾನ ಟಿಕೆಟ್, ಪಾಸ್‌ಪೋರ್ಟ್, ವೀಸಾ, ವಿಮೆ ಮತ್ತು ಕೈಖರ್ಚು ಪೋಷಕರದು. ಇದರ ಜೊತೆಗೆ ಒಂದು ತುರ್ತು ನಿಧಿಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಊಟ, ವಸತಿ ಆತಿಥೇಯ ಕುಟುಂಬಗಳದು, ಅದಕ್ಕಾಗಿ ಅವರು ಹಣ ಪಡೆಯುವುದಿಲ್ಲ. ಶಾಲೆಯ ಶುಲ್ಕವೇನಾದರೂ ಇದ್ದರೆ ಅದನ್ನೂ, ತಿಂಗಳಿಗೊಮ್ಮೆ ಕೊಡುವ ಸಣ್ಣ ಭತ್ಯೆಯನ್ನೂ ಆತಿಥೇಯ ಕ್ಲಬ್ ನೋಡಿಕೊಳ್ಳುತ್ತದೆ. ಊರಿನ ಕ್ಲಬ್ಬಿನಿಂದ ಹಲವು ಕ್ಲಬ್ಬುಗಳು ಸೇರಿದ ರೋಟರಿ ಜಿಲ್ಲೆಯ ಸಮಿತಿಯವರೆಗೆ ದುಡಿಯುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರಾದ್ದರಿಂದ, ವಿದೇಶದಲ್ಲಿ ಒಂದು ವರ್ಷದ ಶಾಲೆಯನ್ನು ಪ್ಯಾಕೇಜಿನಂತೆ ಮಾರುವ ಖಾಸಗಿ ಏಜೆನ್ಸಿಗಳಿಗೆ ಹೋಲಿಸಿದರೆ ಇದು ಎಷ್ಟೋ ಅಗ್ಗ. ಬೆಲೆಯ ದೃಷ್ಟಿಯಿಂದ ನನ್ನ ತಕರಾರೇನೂ ಇಲ್ಲ.

ಆದರೆ ಈ ಅಗ್ಗದ ಬೆಲೆಯೊಳಗೆ ಬಿಲ್ಲಿನಲ್ಲಿ ಕಾಣದ ಇನ್ನೊಂದು ಬೆಲೆ ಅಡಗಿದೆ. ನಿಮ್ಮ ಮಗಳು ಜರ್ಮನಿಯಲ್ಲಿಯೋ ಬ್ರೆಜಿಲ್‌ನಲ್ಲಿಯೋ ಒಂದು ಮನೆಯ ಮಗಳಾಗಿ ಇರಬೇಕಾದರೆ ಅಲ್ಲಿಂದ ಬಂದ ಮಗುವೊಂದು ಇಲ್ಲಿ ಯಾರದೋ ಮನೆಯಲ್ಲಿ ಇರಬೇಕು, ಮತ್ತು ಆ ಮನೆ ನಿಮ್ಮದಾಗಲಿ ಎಂದು ಹಲವು ರೋಟರಿ ಜಿಲ್ಲೆಗಳು ನಿರೀಕ್ಷಿಸುತ್ತವೆ. ಬೇರೆ ಹಾಸಿಗೆ, ಓದಲು ಮೇಜು, ಇಂಗ್ಲಿಷ್‌ನಲ್ಲಿ ನಾಲ್ಕು ಮಾತನಾಡಬಲ್ಲ ಒಬ್ಬ ಹಿರಿಯರು, ಮಗುವನ್ನು ವಾರದ ಸಭೆಗೆ ಕರೆದೊಯ್ಯಲು ವಾಹನ ಇರುವ ಮನೆಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟಿವೆ? ರೋಟರಿ ಸದಸ್ಯರ ಮಕ್ಕಳೇ ಆಗಿರಬೇಕೆಂಬ ನಿಯಮ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಆದರೂ ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಐದು ಜನ ಇರುವ ಕುಟುಂಬದ ಜಾಣ ಹುಡುಗ ಅರ್ಜಿ ಹಾಕುವ ಹಂತಕ್ಕೂ ಬರುವುದಿಲ್ಲ. ಅವನಿಗೆ ಯಾರಾದರೂ ಟಿಕೆಟ್ ಕೊಡಿಸಿದರೂ ಈ ಅಡ್ಡಿ ಹಾಗೇ ಉಳಿಯುತ್ತದೆ. ದಾನಿಗಳು ಟಿಕೆಟ್ಟಿಗೆ ಹಣ ಕೊಟ್ಟು ಸಮಾನತೆ ತಂದೆವೆಂದು ಭಾವಿಸುವುದನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಕಾರ್ಯಕ್ರಮಕ್ಕೆ ಪೂರ್ಣ ಅಂಕ ಕೊಡಬಹುದು. ರೋಟರಿ ಇಂಟರ್‌ನ್ಯಾಷನಲ್‌ನಿಂದ ಪ್ರಮಾಣೀಕರಣ ಪಡೆದ ಜಿಲ್ಲೆಗಳು ಮಾತ್ರ ವಿನಿಮಯ ನಡೆಸಬಹುದು. ಆತಿಥೇಯ ಮನೆಯ ವಯಸ್ಕರ ಹಿನ್ನೆಲೆ ಪರಿಶೀಲನೆಯಾಗಬೇಕು, ಮಗು ಬರುವ ಮೊದಲೂ ಬಂದ ಮೇಲೂ ಮನೆಗೆ ಭೇಟಿ ಕೊಡಬೇಕು, ಕೆಲವು ಭೇಟಿಗಳು ಮುನ್ಸೂಚನೆಯಿಲ್ಲದೆ ನಡೆಯಬೇಕು. ಪ್ರತಿ ವಿದ್ಯಾರ್ಥಿಗೂ ಒಬ್ಬ ಆಪ್ತ ಸಲಹೆಗಾರರಿರುತ್ತಾರೆ. ಅವರು ಆತಿಥೇಯ ಕುಟುಂಬದವರಾಗಿರಬಾರದು. ದೂರು ಬಂದರೆ 72 ಗಂಟೆಗಳೊಳಗೆ ಕೇಂದ್ರ ಕಚೇರಿಗೆ ವರದಿ ಹೋಗಬೇಕು. ಇಷ್ಟು ಕಟ್ಟುನಿಟ್ಟನ್ನು ನಮ್ಮ ವಸತಿ ಶಾಲೆಗಳಲ್ಲಿಯೂ ನಾನು ಕಂಡಿಲ್ಲ. ವಾಹನ ಓಡಿಸಬಾರದು, ಕುಡಿಯಬಾರದು, ಮಾದಕ ವಸ್ತು ಮುಟ್ಟಬಾರದು, ಪ್ರೇಮದ ಗೊಡವೆಗೆ ಹೋಗಬಾರದು ಎಂಬ ನಾಲ್ಕು ನಿಷೇಧಗಳು ಎಲ್ಲ ವಿನಿಮಯ ವಿದ್ಯಾರ್ಥಿಗಳಿಗೂ ಬಾಯಿಪಾಠವಾಗಿರುತ್ತವೆ. ನಾಲ್ಕನೆಯದನ್ನು ಹೇಳುವಾಗ ಮಾತ್ರ ಎಲ್ಲರೂ ಒಂದಿಷ್ಟು ನಗುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದು ವರ್ಷ ಪರಕೀಯರ ಮನೆಯಲ್ಲಿ ಬಾಳಿದ ಮಗು ಗಟ್ಟಿಯಾಗಿ ಮರಳುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ದೇಶದೇಶದ ಗೆಳೆಯರೊಡನೆ ಅದಲುಬದಲು ಮಾಡಿಕೊಂಡ ಪಿನ್ನುಗಳು, ಬಿಲ್ಲೆಗಳು, ಪುಟ್ಟ ಬಾವುಟಗಳನ್ನು ಚುಚ್ಚಿ ಚುಚ್ಚಿ ಬಟ್ಟೆಯ ಬಣ್ಣವೇ ಕಾಣದಂತಾದ ಬ್ಲೇಜರ್ ತೊಟ್ಟು ಬರುವ ಆ ಮಕ್ಕಳ ಮಾತಿನಲ್ಲಿ ಹೊಸ ಧೈರ್ಯವಿರುತ್ತದೆ. ಆದರೆ ಧೈರ್ಯವೇ ನಾಯಕತ್ವವಲ್ಲ. ಒಪ್ಪದ ಹತ್ತು ಜನರನ್ನು ಕೂರಿಸಿಕೊಂಡು ಒಂದು ಕೆಲಸ ಮುಗಿಸುವುದು, ಲೆಕ್ಕ ಬರೆದು ತೋರಿಸುವುದು, ತನ್ನ ಸಲಹೆ ಬಿದ್ದುಹೋದರೂ ಗುಂಪಿನಲ್ಲಿ ಉಳಿಯುವುದು, ಇವನ್ನೆಲ್ಲ ಯಾರಾದರೂ ಕೂತು ಕಲಿಸಬೇಕು. ವಿನಿಮಯದ ವರ್ಷದಲ್ಲಿ ಆತಿಥೇಯ ಕ್ಲಬ್ಬಿನ ಮುಂದೆ ತನ್ನ ದೇಶದ ಬಗ್ಗೆ ಭಾಷಣ ಮಾಡುವುದು, ಹೊರಡುವ ಮುನ್ನ ಮಾಹಿತಿ ಶಿಬಿರದಲ್ಲಿ ಕೂರುವುದು ಇವೆಲ್ಲ ಇದ್ದರೂ, ಅವು ತರಬೇತಿಗಿಂತ ಹೆಚ್ಚಾಗಿ ಸಿದ್ಧತೆ ಮತ್ತು ಸೌಜನ್ಯ.

ಆ ಕೆಲಸಕ್ಕೆಂದೇ ರೋಟರಿಯ ಬಳಿ ಬೇರೊಂದು ವ್ಯವಸ್ಥೆ ಇದೆ, ಅದೇ ರೈಲಾ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 1959ರಲ್ಲಿ ತನ್ನ ಶತಮಾನೋತ್ಸವ ಆಚರಿಸಿದಾಗ, ಬ್ರಿಟನ್ನಿನ ರಾಜಕುಮಾರಿ ಅಲೆಕ್ಸಾಂಡ್ರಾ ಭೇಟಿಯ ಸಂದರ್ಭಕ್ಕೆಂದು ಅವರ ವಯಸ್ಸಿನ ಆಸುಪಾಸಿನ ತರುಣ ತರುಣಿಯರನ್ನು ಒಂದೆಡೆ ಸೇರಿಸಿದ ಕಾರ್ಯಕ್ರಮದಿಂದ ಇದು ಬೆಳೆಯಿತು. 1971ರಲ್ಲಿ ರೋಟರಿ ಇಂಟರ್‌ನ್ಯಾಷನಲ್ ಅದನ್ನು ತನ್ನ ಅಧಿಕೃತ ಕಾರ್ಯಕ್ರಮವಾಗಿ ಸ್ವೀಕರಿಸಿತು. ಕೆಲವು ದಿನಗಳ ವಸತಿ ಶಿಬಿರ, ಹದಿನಾಲ್ಕರಿಂದ ಮೂವತ್ತರವರೆಗಿನ ಯುವಜನರಿಗೆ. ಇಲ್ಲಿ ಖರ್ಚಿನ ರೀತಿ ತಲೆಕೆಳಗಾಗುತ್ತದೆ: ಸಾಮಾನ್ಯವಾಗಿ ಶಿಬಿರಾರ್ಥಿಯನ್ನು ಆರಿಸುವ ಕ್ಲಬ್ಬೇ ಅವನ ಶುಲ್ಕ ಕಟ್ಟುತ್ತದೆ. ಆತಿಥ್ಯದ ಪ್ರಶ್ನೆಯಿಲ್ಲ, ಬೇರೆ ಹಾಸಿಗೆಯ ಪ್ರಶ್ನೆಯಿಲ್ಲ. ಹಾಗಾಗಿ ವಿನಿಮಯದ ಬಾಗಿಲ ಹೊರಗೇ ನಿಲ್ಲುವ ಸರ್ಕಾರಿ ಕಾಲೇಜಿನ ಮಕ್ಕಳು ಇಲ್ಲಿ ಒಳಗೆ ಬರುತ್ತಾರೆ.

ನಾನು ಕಂಡ ಶಿಬಿರಗಳಲ್ಲಿ ಅತ್ಯುತ್ತಮವೆನಿಸಿದ್ದು, ಆ ವರ್ಷ ಜಿಲ್ಲೆಗೆ ಬಂದಿದ್ದ ವಿನಿಮಯ ವಿದ್ಯಾರ್ಥಿಗಳನ್ನೂ ಇದೇ ಮಕ್ಕಳ ಜೊತೆ ಕೂರಿಸಿದ್ದ ಶಿಬಿರ. ಹಳ್ಳಿಯ ಶಾಲೆಯೊಂದರ ನೀರಿನ ತೊಟ್ಟಿ ದುರಸ್ತಿಗೆ ಕಾಗದದ ಮೇಲೆ ಯೋಜನೆ ಹಾಕಿ ಎಂದು ಪ್ರತಿ ಗುಂಪಿಗೂ ಒಂದೊಂದು ಚಾರ್ಟ್ ಹಾಳೆ ಕೊಟ್ಟಿದ್ದೆವು. ಬ್ರೆಜಿಲ್‌ನ ಹುಡುಗಿ ಸಿಮೆಂಟು, ಪೈಪು, ನಲ್ಲಿ ಎಂದು ಅಂದವಾಗಿ ಕೋಷ್ಟಕ ಎಳೆದಳು. ಅಷ್ಟು ಹೊತ್ತೂ ತುಟಿ ಬಿಚ್ಚದೆ ಕುಳಿತಿದ್ದ ಸರ್ಕಾರಿ ಪಿಯು ಕಾಲೇಜಿನ ಹುಡುಗಿ ಪೆನ್ಸಿಲ್ ತೆಗೆದುಕೊಂಡು ಕೋಷ್ಟಕದ ಕೆಳಗೆ ‘ನೀರುಗಂಟಿ’ ಎಂದು ಬರೆದು, ಅದರ ಎದುರಿನ ಚೌಕದಲ್ಲಿ ಮೊತ್ತ ತುಂಬದೆ ಬಿಟ್ಟಳು. ಗುಂಪಿನ ಉಳಿದ ಸಮಯವೆಲ್ಲ ಆ ಖಾಲಿ ಚೌಕದ ಸುತ್ತಲೇ ಕಳೆಯಿತು: ಗ್ರಾಮ ಪಂಚಾಯಿತಿಯ ನೀರುಗಂಟಿಗೆ ಇದು ಹೆಚ್ಚುವರಿ ಕೆಲಸವಲ್ಲವೇ, ಅವನನ್ನು ಕೇಳದೆ ಯೋಜನೆ ಹಾಕಬಹುದೇ, ತೊಟ್ಟಿ ತೊಳೆಯಲು ಅವನು ಒಪ್ಪದಿದ್ದರೆ ಏನು ಮಾಡುವುದು. ಅರ್ಧ ಇಂಗ್ಲಿಷ್‌ನಲ್ಲಿ, ಅರ್ಧ ಕನ್ನಡದಲ್ಲಿ, ಒಬ್ಬರು ಇನ್ನೊಬ್ಬರಿಗೆ ಅನುವಾದಿಸುತ್ತ ನಡೆದ ಆ ಚರ್ಚೆಗೆ ತಗಲಿದ ಖರ್ಚು ಚಾರ್ಟ್ ಹಾಳೆ, ಊಟ ಮತ್ತು ಹಾಸ್ಟೆಲ್ಲಿನ ಬಾಡಿಗೆ. ಒಂದು ವಿಮಾನ ಟಿಕೆಟ್ಟಿನ ಹಣದಲ್ಲಿ ಇಂತಹ ಶಿಬಿರಕ್ಕೆ ಎಷ್ಟು ಮಕ್ಕಳನ್ನು ಕಳಿಸಬಹುದೆಂದು ಯಾವ ಕ್ಲಬ್ಬಾದರೂ ಲೆಕ್ಕ ಹಾಕಿ ನೋಡಬಹುದು.

ಹಣದ ಮೂಲವೂ ಇಲ್ಲದಿಲ್ಲ. ರೋಟರಿಯ ದತ್ತಿ ಸಂಸ್ಥೆಯಾದ ರೋಟರಿ ಫೌಂಡೇಶನ್ನಿನ ಬೀಜವನ್ನು 1917ರಲ್ಲಿ ಆಗಿನ ರೋಟರಿ ಅಧ್ಯಕ್ಷ ಆರ್ಚ್ ಕ್ಲಂಫ್ ಬಿತ್ತಿದ ಮೇಲೆ ಅದಕ್ಕೆ ಬಂದ ಮೊದಲ ದೇಣಿಗೆ ಅಮೆರಿಕದ ಕ್ಯಾನ್ಸಸ್ ಸಿಟಿ ಕ್ಲಬ್ಬಿನ 26 ಡಾಲರ್ 50 ಸೆಂಟ್. ಇಂದು ಒಂದು ರೋಟರಿ ಜಿಲ್ಲೆಯ ಕ್ಲಬ್ಬುಗಳು ವಾರ್ಷಿಕ ನಿಧಿಗೆ ಕೊಟ್ಟ ಹಣದಲ್ಲಿ ಅರ್ಧಕ್ಕೆ ತುಸು ಕಡಿಮೆ ಪಾಲು ಮೂರು ವರ್ಷಗಳ ನಂತರ ಅದೇ ಜಿಲ್ಲೆಯ ಲೆಕ್ಕಕ್ಕೆ ಮರಳುತ್ತದೆ. ಜಿಲ್ಲೆ ಎಂದರೆ ಇಲ್ಲಿ ಕಂದಾಯ ಜಿಲ್ಲೆಯಲ್ಲ. ಮೈಸೂರು, ಮಂಗಳೂರು ಎರಡೂ ಸೇರಿ ರೋಟರಿ ಜಿಲ್ಲೆ 3181, ಉಡುಪಿ, ಶಿವಮೊಗ್ಗ ಸೇರಿ 3182, ಹೀಗೆ. ಮರಳಿದ ಮೊತ್ತದ ಅರ್ಧದವರೆಗೆ ಜಿಲ್ಲಾ ಅನುದಾನವಾಗಿ ಸ್ಥಳೀಯವಾಗಿ ಬಳಸಬಹುದು, ಮತ್ತು ಯುವ ವಿನಿಮಯವೂ ರೈಲಾವೂ ಆ ಅನುದಾನಕ್ಕೆ ಅರ್ಹ ಬಾಬತ್ತುಗಳೇ. ಕನಿಷ್ಠ 30,000 ಡಾಲರ್ ಯೋಜನಾ ವೆಚ್ಚ ಬೇಡುವ ಜಾಗತಿಕ ಅನುದಾನದ ತಂಟೆಗೆ ಹೋಗಬೇಕಾದ ಅಗತ್ಯವೇ ಇಲ್ಲ. ಇಷ್ಟಿದ್ದರೂ ಡಯಾಲಿಸಿಸ್ ಯಂತ್ರ, ಶೌಚಾಲಯ, ಶಾಲಾ ಬೆಂಚುಗಳಿಗೆ ಬರುವ ಅರ್ಜಿಗಳ ಮುಂದೆ ತರಬೇತಿಯ ಅರ್ಜಿ ಹಿಂದೆ ಬೀಳುತ್ತದೆ. ಬೆಂಚಿನ ಮೇಲೆ ದಾನಿಯ ಹೆಸರು ಬರೆಸಬಹುದು, ಹುಡುಗಿಯ ತಲೆಯೊಳಗಿನ ಪ್ರಶ್ನೆಯ ಮೇಲೆ ಬರೆಸಲಾಗುವುದಿಲ್ಲ.

ಬಂದ ಹಣವಾದರೂ ತರಬೇತಿಗೇ ಹೋಗುತ್ತದೆಯೇ ಎಂದರೆ, ಯಾವಾಗಲೂ ಅಲ್ಲ. ಹೆಸರು ಹೇಳಬಯಸದ ಒಂದು ಕ್ಲಬ್ಬಿನ ಶಿಬಿರದಲ್ಲಿ ಮೊದಲ ದಿನದ ಬೆಳಗು ಪೂರ್ತಿ ಉದ್ಘಾಟನೆಗೆ ಹೋಯಿತು. ವೇದಿಕೆಯ ಮೇಲೆ ಎರಡು ಸಾಲು ಗಣ್ಯರು, ಪ್ರತಿಯೊಬ್ಬರಿಗೂ ಶಾಲು, ಪೇಟ, ಫಲತಾಂಬೂಲ, ಸ್ಮರಣಿಕೆ. ಸಭಾಂಗಣದ ಮೂರು ಗೋಡೆಗಳಿಗೂ ಫ್ಲೆಕ್ಸ್. ಮಧ್ಯಾಹ್ನ ಗುಂಪು ಚಟುವಟಿಕೆಗೆಂದು ಮಾರ್ಕರ್ ಪೆನ್ನು ಕೇಳಿದರೆ ಇಡೀ ಶಿಬಿರಕ್ಕೆ ಎರಡೇ ಇದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತನ್ನು ಆ ಆಯವ್ಯಯ ಪತ್ರದ ತಲೆಬರಹವಾಗಿ ಹಾಕಬಹುದಿತ್ತು. ಇದು ರೋಟರಿಗೆ ಸೀಮಿತವಾದ ದೋಷವಲ್ಲ, ನಮ್ಮ ಕಾಲೇಜು ಸಮಾರಂಭಗಳೂ ಹೀಗೆಯೇ ಇರುತ್ತವೆ.

ಪೂರ್ಣ ಖರ್ಚನ್ನು ಒಬ್ಬರೇ ಹೊರುವ ಮಾದರಿಯೂ ಉಂಟು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರಲ್ಲಿ ಅಮೆರಿಕದ ಸಂಸತ್ತು ಆರಂಭಿಸಿದ ಕೆನಡಿ-ಲೂಗರ್ ‘ಯೆಸ್’ ಕಾರ್ಯಕ್ರಮ ವಿಮಾನ ಟಿಕೆಟ್, ವಿಮೆ, ತಿಂಗಳ ಭತ್ಯೆ ಎಲ್ಲವನ್ನೂ ಕೊಟ್ಟು ಪ್ರೌಢಶಾಲಾ ಮಕ್ಕಳನ್ನು ಒಂದು ವರ್ಷ ಕರೆಸಿಕೊಳ್ಳುತ್ತದೆ. ಭಾರತದ ಮಕ್ಕಳೂ ಹೋಗಿದ್ದಾರೆ. ಅಲ್ಲಿ ನಾಯಕತ್ವವೂ ಸಮುದಾಯ ಸೇವೆಯೂ ಕಾರ್ಯಕ್ರಮದ ಉದ್ದೇಶದಲ್ಲಿಯೇ ಬರೆದಿರುವ ಮಾತುಗಳು, ಬಡ ಮನೆಯ ಮಗುವಿಗೂ ಬಾಗಿಲು ತೆರೆದಿದೆ. ಆದರೆ ಒಂದೇ ಕೈಯಿಂದ ಬರುವ ಹಣಕ್ಕೆ ಅದರದೇ ಅಪಾಯವಿದೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ವಿನಿಮಯ ಕಾರ್ಯಕ್ರಮಗಳ ಹಣ ಬಿಡುಗಡೆಯನ್ನು ತಡೆಹಿಡಿದಾಗ, ಅದನ್ನೇ ನಂಬಿದ್ದ ಸಂಸ್ಥೆಗಳು ಕಂಗಾಲಾದವು. ಊರೂರಿನ ಸದಸ್ಯರ ಜೇಬಿನಿಂದ ನಡೆಯುವ ರೋಟರಿಯನ್ನು ಹಾಗೆ ಒಂದೇ ಆದೇಶದಿಂದ ನಿಲ್ಲಿಸಲು ಸಾಧ್ಯವಿಲ್ಲ.

ನಮ್ಮ ಮಕ್ಕಳ ಮಟ್ಟಿಗೆ ಇನ್ನೊಂದು ತೊಡಕು ವಯಸ್ಸಿನದು. ವಿನಿಮಯದ ವಯಸ್ಸೆಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್‌ಗಳು ಸಾಲುಗಟ್ಟಿ ನಿಲ್ಲುವ ವಯಸ್ಸೇ. ಹೊರಗೆ ಕಳೆದ ವರ್ಷವನ್ನು ಇಲ್ಲಿ ಓದಿದ ವರ್ಷವಾಗಿ ಲೆಕ್ಕಕ್ಕೆ ಹಿಡಿಯುವುದು ಕಷ್ಟ, ಬಹುತೇಕರು ಒಂದು ತರಗತಿ ಹಿಂದೆ ಬೀಳಲು ಸಿದ್ಧರಿರಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ ಸೇರುವ ಮೊದಲು ಹೋಗುವುದು ನನ್ನ ಸಲಹೆ. ಅದೂ ಬೇಡವೆಂದರೆ, ಕೆಲವು ದಿನಗಳಿಂದ ಮೂರು ತಿಂಗಳವರೆಗಿನ ಅಲ್ಪಾವಧಿ ವಿನಿಮಯವಿದೆ. ಅದು ಚೆನ್ನಾದ ಪ್ರವಾಸ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು.

ಮರಳಿ ಬಂದವರ ಕಥೆಯೇ ಈ ಸೇವೆಯ ಅತಿ ದುರ್ಬಲ ಕೊಂಡಿ. ಸ್ವಾಗತ ಸಮಾರಂಭವೊಂದು ನಡೆದು, ಫೋಟೋ ತೆಗೆದು, ಬ್ಲೇಜರ್ ಬೀರುವಿಗೆ ಹೋದ ಮೇಲೆ ಅವರನ್ನು ಯಾರೂ ಕರೆಯುವುದಿಲ್ಲ. ಕೆಲವು ದೇಶಗಳಲ್ಲಿ ‘ರೋಟೆಕ್ಸ್’ ಎಂಬ ಹಳೆಯ ವಿನಿಮಯ ವಿದ್ಯಾರ್ಥಿಗಳ ಬಳಗಗಳು ಹೊರಡುವವರಿಗೂ ಬಂದವರಿಗೂ ತಾವೇ ತರಬೇತಿ ನಡೆಸುತ್ತವೆ. ನಮ್ಮಲ್ಲಿ ಮರಳಿದ ವಿದ್ಯಾರ್ಥಿಯನ್ನು ಮುಂದಿನ ರೈಲಾದ ಗುಂಪು ನಾಯಕನನ್ನಾಗಿ ಮಾಡಿ, ಅದಕ್ಕೂ ಮುಂಚೆ ಎರಡು ದಿನ ಅವನಿಗೇ ತರಬೇತಿ ಕೊಡುವ ಕ್ರಮವನ್ನು ಕಡ್ಡಾಯ ಮಾಡಿದರೆ, ಒಬ್ಬರ ಪ್ರಯಾಣಕ್ಕೆ ತಗಲಿದ ಹಣದ ಫಲ ವಿಮಾನ ಹತ್ತದ ಮಕ್ಕಳಿಗೂ ಸಿಗುತ್ತದೆ. ಅದಕ್ಕೆ ತಗಲುವ ಹಣ ಒಂದು ಉದ್ಘಾಟನೆಯ ಶಾಲುಗಳ ಬೆಲೆಯನ್ನು ಮೀರಲಾರದು.

ಅನುಕೂಲವಿರುವ, ಒಂದು ಕೋಣೆ ಬಿಟ್ಟುಕೊಡಬಲ್ಲ ಕುಟುಂಬಕ್ಕೆ ಈ ವಿನಿಮಯವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಉಳಿದವರು ರೈಲಾಕ್ಕೆ ಮಗುವನ್ನು ಕಳಿಸಿಕೊಡುವಂತೆ ಹತ್ತಿರದ ಕ್ಲಬ್ಬನ್ನು ಕೇಳಲಿ. ಕೊಡುಗೈ ದಾನಿಗಳೂ ಕಾಲೇಜುಗಳೂ ತರಬೇತಿಗೆ ಅನುದಾನ ಬಯಸುವುದಾದರೆ ಕಾಲದ ಬಗ್ಗೆ ಎಚ್ಚರವಿರಲಿ. ರೋಟರಿ ವರ್ಷ ಜುಲೈ 1ಕ್ಕೆ ಆರಂಭವಾಗುತ್ತದೆ, ಜಿಲ್ಲೆ ಇಡೀ ವರ್ಷದ ಜಿಲ್ಲಾ ಅನುದಾನಕ್ಕೆ ಒಂದೇ ಅರ್ಜಿ ಸಲ್ಲಿಸುತ್ತದೆ, ಅದರಲ್ಲಿ ಸೇರಬೇಕಾದ ಬಾಬತ್ತುಗಳನ್ನು ಮೊದಲೇ ತೀರ್ಮಾನಿಸಿರುತ್ತಾರೆ. ಆದ್ದರಿಂದ ಈಗಿನ ಅಧ್ಯಕ್ಷರನ್ನಲ್ಲ, ಮುಂದಿನ ವರ್ಷಕ್ಕೆ ಆಯ್ಕೆಯಾಗಿರುವ ಅಧ್ಯಕ್ಷರನ್ನು ಬೇಸಿಗೆಗೆ ಮುನ್ನವೇ ಕಂಡು, ಶಿಬಿರಾರ್ಥಿಗಳ ಸಂಖ್ಯೆ, ತರಬೇತುದಾರರ ಗೌರವಧನ, ಊಟ, ವಸತಿ, ಸಾಮಗ್ರಿ ಎಂದು ಬಿಡಿಬಿಡಿಯಾಗಿ ಬರೆದ ಒಂದು ಪುಟದ ಅಂದಾಜನ್ನು ಅವರ ಕೈಗೆ ಕೊಡಬೇಕು. ವೇದಿಕೆಯ ಖರ್ಚಿಗೆ ಅದರಲ್ಲಿ ಸಾಲೇ ಇರಬಾರದು.