ನಗು ಇಲ್ಲದಿದ್ದರೂ ನಡೆದೀತು, ಮಾತು ಇರಲಿ: ಬೆಂಗಳೂರು ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿಯ ಬಗ್ಗೆ

2008ರ ಮೇ ತಿಂಗಳಲ್ಲಿ ಹಳೆಯ ಎಚ್‌ಎಎಲ್ ನಿಲ್ದಾಣ ಬಿಟ್ಟು ವಿಮಾನಗಳೆಲ್ಲ ದೇವನಹಳ್ಳಿಗೆ ಹೋದಾಗಿನಿಂದ ನಾನು ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಖಾಯಂ ಪ್ರಯಾಣಿಕಳು. ಕಚೇರಿ ಕೆಲಸಕ್ಕೆ ದೆಹಲಿ, ಹೈದರಾಬಾದ್ ಓಡಾಟ, ತಮ್ಮನ ಮನೆಗೆಂದು ಅಮ್ಮನನ್ನು ಕರೆದುಕೊಂಡು ಅಮೆರಿಕ. ಎರಡನೇ ಟರ್ಮಿನಲ್‌ನ ಬಿದಿರಿನ ಚಾವಣಿಯ ಬಗ್ಗೆ, ಅಲ್ಲಿನ ಕಾಫಿಯ ದರದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯುತ್ತಿರುವುದು ಬ್ಯಾಗು ಟ್ರೇಗೆ ಹಾಕಿ, ಕೈ ಚಾಚಿ ನಿಲ್ಲುವ ಆ ಎರಡು ನಿಮಿಷಗಳ ಬಗ್ಗೆ. ಇಷ್ಟು ವರ್ಷಗಳ ಅನುಭವದ ಮೇಲೆ ಹೇಳುವುದಾದರೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ. ಉಳಿದ ಒಂದು ಅಂಕವನ್ನು ಯಾಕೆ ಹಿಡಿದುಕೊಂಡಿದ್ದೇನೆ ಎಂಬುದೂ ಮುಂದೆ ಬರುತ್ತದೆ.

ಮೊದಲು, ಅಲ್ಲಿ ನಿಂತವರು ಯಾರು ಎಂಬುದು. ತಪಾಸಣೆ ಮಾಡುವ ಖಾಕಿ ಸಮವಸ್ತ್ರದವರು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು, ಅಂದರೆ ಸಿಐಎಸ್‌ಎಫ್. 1969ರಲ್ಲಿ ಸಾರ್ವಜನಿಕ ವಲಯದ ಕಾರ್ಖಾನೆಗಳನ್ನು ಕಾಯಲೆಂದು ಹುಟ್ಟಿದ ಪಡೆ ಇದು. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣವಾಗಿ ಕಂದಹಾರಕ್ಕೆ ಹೋಯಿತಲ್ಲ, ಅದರ ನಂತರ ವಿಮಾನ ನಿಲ್ದಾಣಗಳ ಕಾವಲು ರಾಜ್ಯ ಪೊಲೀಸರಿಂದ ಒಂದೊಂದಾಗಿ ಇವರ ಕೈಗೆ ಬಂತು. 2000ದಲ್ಲಿ ಜೈಪುರದಿಂದ ಆರಂಭ. ಯಾವುದಕ್ಕೆ ಎಷ್ಟು ತಪಾಸಣೆ, ಏನು ಒಯ್ಯಬಹುದು, ಏನು ಕೂಡದು ಎಂದು ನಿಯಮ ಮಾಡುವುದು ಇವರಲ್ಲ, ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. ಉಪ್ಪಿನಕಾಯಿ ಬಾಟಲಿ ತೆಗೆಸಿದರೆಂದು ಎದುರು ನಿಂತ ಹುಡುಗಿಯ ಮೇಲೆ ರೇಗುವವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ನಿಯಮ ಅವಳದಲ್ಲ. ಆದರೆ ಆ ನಿಯಮವನ್ನು ಹೇಳುವ ಬಗೆ ಮಾತ್ರ ಅವಳದೇ, ನನ್ನ ಅಂಕಗಳೆಲ್ಲ ಅದಕ್ಕೇ.

2018ರ ಅಕ್ಟೋಬರ್‌ನಲ್ಲಿ ಒಂದು ಸುದ್ದಿ ಬಂದಿತ್ತು. ವಿಮಾನ ನಿಲ್ದಾಣದ ಸಿಬ್ಬಂದಿ ಇನ್ನು ಮುಂದೆ ಅಗಲವಾಗಿ ನಗುವುದು ಬೇಡ, ಸಾಕಷ್ಟು ನಕ್ಕರೆ ಸಾಕು, ಅತಿಯಾದ ಸ್ನೇಹಕ್ಕಿಂತ ಎಚ್ಚರ ಮುಖ್ಯ ಎಂದು ಸಿಐಎಸ್‌ಎಫ್ ನಿರ್ಧರಿಸಿದೆ ಎಂಬ ಸುದ್ದಿ. ಬಹಳ ಜನ ಅದನ್ನು ಆಡಿಕೊಂಡರು. ನನಗೆ ಅದು ಸರಿಯಾಗಿಯೇ ಕಂಡಿತು, ಈಗಲೂ ಹಾಗೆಯೇ ಅನ್ನಿಸುತ್ತದೆ. ಬೆಳಗಿನ ನಾಲ್ಕು ಗಂಟೆಗೆ ಸಾವಿರಾರು ಜನರ ಮೈ ತಡವಿ ನೋಡುವ ಕೆಲಸದಲ್ಲಿ ಇರುವವರಿಂದ ನಗುವನ್ನು ನಾನು ಕೇಳುವುದಿಲ್ಲ. ಮುಂದೆ ಏನು ಮಾಡಬೇಕು, ಅವರು ಏನು ಮಾಡಲಿದ್ದಾರೆ ಎಂದು ನನಗೆ ಅರ್ಥವಾಗುವ ಹಾಗೆ ಹೇಳಿದರೆ ಸಾಕು. ಸಲುಗೆ, ಸೌಜನ್ಯ ಎಂದೆಲ್ಲ ನಾವು ಯಾವುದನ್ನು ಕರೆಯುತ್ತೇವೋ, ಈ ಜಾಗದಲ್ಲಿ ಅದು ಆ ಒಂದು ಮಾತಿನಲ್ಲಿ ಇದೆ.

ಅಮ್ಮನಿಗೆ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ಒಳಗೆ ಲೋಹದ ಕೀಲು. ಲೋಹಶೋಧಕ ಚೌಕಟ್ಟಿನಡಿ ಕಾಲಿಟ್ಟರೆ ಸಾಕು, ಅದು ಕೂಗುತ್ತದೆ. ಮೊದಲ ಸಲ ಹಾಗೆ ಕೂಗಿದಾಗ ಅಮ್ಮ ಬೆದರಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಹೆಂಗಸರ ತಪಾಸಣೆಗೆ ಪರದೆ ಕಟ್ಟಿದ ಗೂಡು ಇರುತ್ತದೆ. ಒಳಗಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ, ಮಾತಿನ ಧಾಟಿಯಲ್ಲಿ ಒಡಿಶಾ ಕಡೆಯವಳಿರಬೇಕು. ಅಮ್ಮನ ಮೊಣಕಾಲನ್ನು ಬೆರಳಿನಿಂದ ತೋರಿಸಿ, “ಆಪರೇಷನ್, ಅಮ್ಮಾ?” ಎಂದಳು. ಅಮ್ಮ ತಲೆಯಾಡಿಸಿದರು. “ಕೈ ಮೇಲೆ. ನಿಧಾನ, ನಿಧಾನ” ಎಂದಳು, ಕನ್ನಡದಲ್ಲಿ. ಕೈಯಲ್ಲಿದ್ದ ಶೋಧಕ ಮೊಣಕಾಲಿನ ಹತ್ತಿರ ಮತ್ತೆ ಕೂಗಿದಾಗ, “ಪರವಾಗಿಲ್ಲ” ಎಂದು ಹೇಳಿ, ಸೀರೆಯ ಮೇಲಿನಿಂದಲೇ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿದಳು. ಮರದ ಮೆಟ್ಟಿಲಿನಿಂದ ಇಳಿಯುವಾಗ ಅಮ್ಮನ ಮೊಣಕೈ ಹಿಡಿದಳು. ಅವಳ ಕನ್ನಡ ಬಹುಶಃ ಅಷ್ಟೇ ಇದ್ದಿರಬಹುದು. ಆ ಕೆಲಸಕ್ಕೆ ಬೇಕಾದ ಕನ್ನಡ ಪೂರ್ತಿಯಾಗಿ ಇತ್ತು. ಇಡೀ ಸಮಯದಲ್ಲಿ ಅವಳು ನಕ್ಕದ್ದು ನನಗೆ ನೆನಪಿಲ್ಲ, ಅಮ್ಮನಿಗೂ ನೆನಪಿಲ್ಲ. ಅಮ್ಮ ಮಾತ್ರ ವಿಮಾನ ಹತ್ತುವವರೆಗೂ ಅವಳನ್ನೇ ಹೊಗಳುತ್ತಿದ್ದರು.

ಎಲ್ಲರಿಗೂ ಹೀಗೆಯೇ ಆಗಿಲ್ಲ ಎಂಬುದು ಗೊತ್ತು. ಕೃತಕ ಕಾಲಿನಲ್ಲೇ ನಾಟ್ಯವಾಡಿ ಹೆಸರಾದ ಸುಧಾ ಚಂದ್ರನ್ 2021ರ ಅಕ್ಟೋಬರ್‌ನಲ್ಲಿ, ಪ್ರತಿ ಪ್ರಯಾಣದಲ್ಲೂ ಕಾಲನ್ನು ಬಿಚ್ಚಿಸುತ್ತಾರೆ ಎಂದು ನೊಂದು ಪ್ರಧಾನಿಗೆ ವಿಡಿಯೊ ಮೂಲಕ ಮನವಿ ಮಾಡಿದ್ದರು. ಸಿಐಎಸ್‌ಎಫ್ ಬಹಿರಂಗವಾಗಿಯೇ ಕ್ಷಮೆ ಕೇಳಿತು. ಆ ವಿಡಿಯೊ ನೋಡಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಅಮ್ಮನ ಕೀಲು ಒಳಗಿದೆ, ಬಿಚ್ಚುವ ಪ್ರಶ್ನೆ ಬರುವುದಿಲ್ಲ. ಹೊರಗೆ ಕಾಣುವ ಕಾಲು ಕಟ್ಟಿಕೊಂಡವರು ಪರದೆಯ ಹಿಂದೆ ಏನೇನು ಅನುಭವಿಸುತ್ತಾರೋ. ಇಲ್ಲಿ ವ್ಯಕ್ತಿಯ ಸೌಜನ್ಯವನ್ನು ಮಾತ್ರ ನೆಚ್ಚಿಕೊಂಡರೆ ಸಾಲದು. ಒಳ್ಳೆಯ ಹುಡುಗಿಯ ಪಾಳಿ ಇದ್ದ ದಿನ ಒಂದು ರೀತಿ, ಇಲ್ಲದ ದಿನ ಇನ್ನೊಂದು ರೀತಿ ಆಗಬಾರದು.

ಇನ್ನು ಭಾಷೆ. ಇಡೀ ದೇಶದಿಂದ ನೇಮಕವಾಗಿ ಎಲ್ಲೆಂದರಲ್ಲಿಗೆ ವರ್ಗವಾಗುವ ಪಡೆಯಾದ್ದರಿಂದ ನಮ್ಮ ನಿಲ್ದಾಣದಲ್ಲೂ ಮೊದಲ ಮಾತು ಹಿಂದಿಯಲ್ಲಿ ಬರುವುದೇ ಹೆಚ್ಚು. ದೆಹಲಿ ವಿಮಾನಕ್ಕೆ ಹೊರಟ ನನ್ನಂಥವಳಿಗೆ ಅದರಿಂದ ತೊಂದರೆ ಇಲ್ಲ. ಆದರೆ ಜೀವನದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಲು ಬಂದ ಹಾಸನದ, ಕೊಪ್ಪಳದ ಹಿರಿಯರಿಗೆ “ಬೆಲ್ಟ್, ಪರ್ಸ್, ಮೊಬೈಲ್ ಟ್ರೇಯಲ್ಲಿಡಿ” ಎಂಬುದು ಅರ್ಥವಾಗದೆ ಅವರು ಕಕ್ಕಾಬಿಕ್ಕಿಯಾಗಿ ನಿಂತಾಗ, ಹಿಂದಿನ ಸಾಲು ಗೊಣಗತೊಡಗುತ್ತದೆ. 2020ರ ಆಗಸ್ಟ್‌ನಲ್ಲಿ ಚೆನ್ನೈ ನಿಲ್ದಾಣದಲ್ಲಿ ಸಂಸದೆ ಕನಿಮೊಳಿ, ಹಿಂದಿ ಬಾರದೆಂದಾಗ ನೀವು ಭಾರತೀಯರೇ ಎಂದು ತಮ್ಮನ್ನು ಕೇಳಿದರೆಂದು ಹೇಳಿದ ಮೇಲೆ ಈ ವಿಷಯ ದೊಡ್ಡದಾಗಿತ್ತು. ಪಡೆ ತನಿಖೆಗೂ ಆದೇಶಿಸಿತ್ತು. ಸ್ಥಳೀಯ ಭಾಷೆ ಬಲ್ಲವರನ್ನು ಪ್ರಯಾಣಿಕರ ಎದುರು ನಿಲ್ಲಿಸುವುದು ಉಪಕಾರ ಮಾಡಿದಂತಲ್ಲ. ಸೂಚನೆ ಅರ್ಥವಾದ ಸಾಲು ಬೇಗ ಸಾಗುತ್ತದೆ, ಅರ್ಥವಾಗದ ಸಾಲಿನಲ್ಲಿ ಭದ್ರತೆಯೂ ಸಡಿಲವಾಗುತ್ತದೆ. ನಾನು ಹಿಡಿದುಕೊಂಡ ಒಂದು ಅಂಕ ಇದಕ್ಕೇ.

ಅರ್ಥವಾಗುವ ಭಾಷೆಯಿಂದ ಆಗುವ ವ್ಯತ್ಯಾಸ ಎಷ್ಟು ಎಂದು ನೋಡಬೇಕಾದರೆ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣಕ್ಕೆ ಹೋಗಬೇಕು. ಕೇಂದ್ರದ ಪ್ರಾಧಿಕಾರದ ಬದಲು ರಾಜ್ಯ ಸರ್ಕಾರವೇ ನಡೆಸುವ ಈ ನಿಲ್ದಾಣದಲ್ಲಿ 2023ರ ಆಗಸ್ಟ್ ಕೊನೆಯಲ್ಲಿ ವಿಮಾನ ಸಂಚಾರ ಶುರುವಾಯಿತು. ನಮ್ಮೂರು ಸಾಗರದ ಕಡೆ, ಹಾಗಾಗಿ ಈಗ ಅಲ್ಲಿಂದಲೂ ಹೋಗಿ ಬರುತ್ತೇವೆ. ಒಮ್ಮೆ ನಮ್ಮ ಮುಂದೆ ಬಿಳಿ ಪಂಚೆಯ ಹಿರಿಯರೊಬ್ಬರಿದ್ದರು. ಅವರ ಕವಳದ ಸಂಚಿ ಎಕ್ಸ್‌ರೇ ಯಂತ್ರದಲ್ಲಿ ನಿಂತಿತು. ಸಿಬ್ಬಂದಿ ಸಂಚಿಯನ್ನು ಅವರ ಎದುರಿಗೇ ಬಿಚ್ಚಿದರು. ವೀಳ್ಯದೆಲೆ, ಹೋಳಡಿಕೆ, ಸುಣ್ಣದ ಡಬ್ಬಿ, ಅಡಿಯಲ್ಲಿ ಹಿಡಿ ಸವೆದು ನುಣುಪಾದ ಒಂದು ಅಡಕತ್ತರಿ. “ಅಜ್ಜಾ, ಇದನ್ನು ಒಳಗೆ ಬಿಡುವ ಹಾಗಿಲ್ಲ. ಬಿಡಲು ಬಂದವರು ಹೊರಗೆ ಇದ್ದಾರೆಯೇ?” ಎಂದು ಕೇಳಿದರು. ಮಗ ಹೊರಗಿದ್ದ. ಫೋನ್ ಮಾಡಿಸಿ, ಅಡಕತ್ತರಿ ಮಗನ ಕೈ ಸೇರುವವರೆಗೆ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿದರು. ಅಡಕತ್ತರಿಯನ್ನು ಕಿತ್ತುಕೊಂಡ ವಸ್ತುಗಳ ಪೆಟ್ಟಿಗೆಗೆ ಹಾಕಿ ಅಜ್ಜನನ್ನು ಮುಂದಕ್ಕೆ ಕಳಿಸಿದ್ದರೆ ಒಂದು ನಿಮಿಷದ ಕೆಲಸ. ನಿಯಮದ ಪ್ರಕಾರ ತಪ್ಪೂ ಅಲ್ಲ. ಸಣ್ಣ ನಿಲ್ದಾಣ, ದಿನಕ್ಕೆ ಬೆರಳೆಣಿಕೆಯ ವಿಮಾನ, ಆದ್ದರಿಂದ ಅಷ್ಟು ವ್ಯವಧಾನ ಸಾಧ್ಯ ಎನ್ನುವುದನ್ನು ಒಪ್ಪುತ್ತೇನೆ. ಬೆಂಗಳೂರಿನಲ್ಲಿ ಅದನ್ನೇ ಕೇಳಿದರೆ ಅನ್ಯಾಯ. ಆದರೆ “ಅಜ್ಜಾ, ಇದನ್ನು ಬಿಡುವ ಹಾಗಿಲ್ಲ” ಎಂಬ ಒಂದು ವಾಕ್ಯಕ್ಕೆ ಎಲ್ಲಿಯಾದರೂ ಸಮಯ ಇದ್ದೇ ಇರುತ್ತದೆ.

ನಿಯಮ ಬಗ್ಗಬೇಕಾದಾಗ ಬಗ್ಗಿಸುವುದು ಮೇಲಿನವರ ಕೈಯಲ್ಲಿದೆ ಎನ್ನುವುದಕ್ಕೆ ಶಬರಿಮಲೆ ಯಾತ್ರಿಕರ ಉದಾಹರಣೆ ಇದೆ. ಇರುಮುಡಿಯಲ್ಲಿನ ತೆಂಗಿನಕಾಯಿಗೆ ಕ್ಯಾಬಿನ್ ಒಳಗೆ ಪ್ರವೇಶ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ, ಮಂಡಲ ಮಕರವಿಳಕ್ಕು ಅವಧಿಗೆ ಮಾತ್ರ, ತಪಾಸಣೆಗೆ ಒಳಪಟ್ಟು ಒಯ್ಯಬಹುದೆಂದು ಅನುಮತಿ ಬಂತು. ತಲೆಯ ಮೇಲಿನ ಮುಡಿಯನ್ನು ಇಳಿಸಿ ಲಗೇಜಿಗೆ ಹಾಕಬೇಕಾಗುತ್ತಿದ್ದ ಸಂಕಟ ಮಾಲೆ ಹಾಕಿದವರಿಗೇ ಗೊತ್ತು. ಒಂದು ಆದೇಶದಿಂದ ಯಾತ್ರಿಕರ ಮುಜುಗರವೂ ಹೋಯಿತು, ಅವರನ್ನು ತಡೆಯಬೇಕಾಗಿದ್ದ ಸಿಬ್ಬಂದಿಯ ಸಂಕಟವೂ ಹೋಯಿತು.

ಹೊರದೇಶದವರು ನಮಗಿಂತ ಸೌಜನ್ಯವಂತರು ಎಂದು ಹೇಳುವವರು ಬಹಳ. ನನ್ನ ಅನುಭವ ಎರಡೂ ಬಗೆಯದು. ವಿಮಾನ ಬದಲಿಸಬೇಕಾಗಿದ್ದ ಒಂದು ವಿದೇಶಿ ನಿಲ್ದಾಣದಲ್ಲಿ ಅಮ್ಮನಿಗೆ ಬಳೆ ತೆಗೆಯುವಂತೆ ಕೂಗಾಡಿದರು. ಕೈ ದಪ್ಪವಾಗಿ ಬಳೆ ಕದಲುತ್ತಿರಲಿಲ್ಲ. ಅಮ್ಮನ ಕಣ್ಣಲ್ಲಿ ನೀರು. ಇದು ಬರುವುದಿಲ್ಲ ಎಂದು ನಾನು ಹೇಳಿದ್ದನ್ನು ಕೇಳಿಸಿಕೊಳ್ಳುವವರೇ ಇರಲಿಲ್ಲ, ಕೊನೆಗೆ ಇನ್ನೊಬ್ಬ ಅಧಿಕಾರಿ ಬಂದು ಬಿಡಿಸಿದರು. ಅದೇ ಪ್ರವಾಸದಲ್ಲಿ ಅಮೆರಿಕದಿಂದ ಹಿಂತಿರುಗುವಾಗ ತಪಾಸಣೆಯ ಮಹಿಳೆ ಮುಟ್ಟುವ ಮೊದಲು ಪ್ರತಿಯೊಂದನ್ನೂ ಹೇಳಿದಳು: ಈಗ ಬೆನ್ನು, ಈಗ ಸೊಂಟ, ನೋವಿರುವ ಜಾಗ ಯಾವುದಾದರೂ ಇದೆಯೇ, ಬೇರೆ ಕೋಣೆ ಬೇಕೇ. ನಾನು ಒಂದೊಂದನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಲ್ಲಿನ ತಪಾಸಣೆ ನಮ್ಮದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಮೈಯನ್ನು ಹೆಚ್ಚು ಮುಟ್ಟಿದರು, ಆದರೂ ಅಮ್ಮನಿಗೆ ಹೆದರಿಕೆ ಆಗಲಿಲ್ಲ. ಹೀಗೆ ಮುಂಚಿತವಾಗಿ ಹೇಳಿ ಮುಟ್ಟುವ ಪದ್ಧತಿಯನ್ನು ನಮ್ಮವರೂ ಕಡ್ಡಾಯ ಮಾಡಿಕೊಳ್ಳಬೇಕು. ಖರ್ಚಿಲ್ಲದ ಸುಧಾರಣೆ ಅದು.

ಬೆಂಗಳೂರಿನಲ್ಲಿ ಕೆಲಸ ಹಗುರವಾದ ಕಡೆಗಳೂ ಇವೆ. ಕೈಚೀಲದ ಚೀಟಿಗೆ ಮುದ್ರೆ ಹಾಕಿಸುವ ಪದ್ಧತಿ 2017ರಲ್ಲಿ ಹೋಯಿತು. ಮುದ್ರೆ ಬಿದ್ದಿಲ್ಲವೆಂದು ವಿಮಾನದ ಬಾಗಿಲಿನಿಂದ ಹಿಂದಕ್ಕೆ ಓಡಿದವರಿಗೆ ಅದರ ಬೆಲೆ ಗೊತ್ತು. 2022ರ ಡಿಸೆಂಬರ್‌ನಲ್ಲಿ ಬಂದ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರ ವ್ಯವಸ್ಥೆಯಿಂದ ಪ್ರವೇಶದ್ವಾರದ ಸಾಲು ಕರಗಿದೆ. ನಾನು ಬಳಸುತ್ತೇನೆ, ಅಮ್ಮನಿಗೆ ಮುಖ ತೋರಿಸಿ ಒಳಗೆ ಹೋಗುವುದು ಇಷ್ಟವಿಲ್ಲ, ಆಧಾರ್ ಕಾರ್ಡ್ ಹಿಡಿದೇ ಬರುತ್ತಾರೆ. ತಾನಾಗಿ ಹಿಂದಿರುಗುವ ಟ್ರೇ ಬಂದ ಮೇಲೆ ತಳ್ಳಾಟ ಕಡಿಮೆಯಾಗಿದೆ. ಹೆಂಗಸರ ಸಾಲು ಮಾತ್ರ ಇಂದಿಗೂ ನಿಧಾನ. ಪರದೆಯೊಳಗೆ ಒಬ್ಬೊಬ್ಬರನ್ನೇ ನೋಡಬೇಕಾದ್ದರಿಂದ ಸಮಯ ಹಿಡಿಯುತ್ತದೆ. ಬೆಳಗಿನ ಐದರಿಂದ ಎಂಟರವರೆಗೆ ಇನ್ನೊಂದೆರಡು ಗೂಡು ತೆರೆದರೆ ಒಳಗಿರುವ ಹುಡುಗಿಯರಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಕೀಲು ಬದಲಾಯಿಸಿಕೊಂಡ ತಂದೆ ತಾಯಂದಿರನ್ನು ಕರೆದುಕೊಂಡು ಹೋಗುವವರಿಗೆ ಒಂದೆರಡು ಮಾತು. ವೈದ್ಯರ ಪತ್ರ ಇಟ್ಟುಕೊಳ್ಳಿ, ಆದರೆ ಪತ್ರ ತೋರಿಸಿದರೆ ತಪಾಸಣೆ ತಪ್ಪುತ್ತದೆ ಎಂದುಕೊಳ್ಳಬೇಡಿ. ಚೌಕಟ್ಟು ದಾಟುವ ಮೊದಲೇ “ಮೊಣಕಾಲಿನಲ್ಲಿ ಲೋಹ ಇದೆ” ಎಂದು ಸಿಬ್ಬಂದಿಗೆ ಹೇಳಿಬಿಡಿ, ಕೂಗಿದ ಮೇಲೆ ವಿವರಿಸುವುದಕ್ಕಿಂತ ಅದು ಎಷ್ಟೋ ಸುಲಭ. ತುಪ್ಪ, ಉಪ್ಪಿನಕಾಯಿ, ಅಡಕತ್ತರಿ ಎಲ್ಲವನ್ನೂ ಲಗೇಜಿನಲ್ಲೇ ಹಾಕಿ. ಯಾರಾದರೂ ಒರಟಾಗಿ ನಡೆದುಕೊಂಡರೆ ಅಲ್ಲೇ ಜಗಳಕ್ಕೆ ನಿಲ್ಲದೆ, ಸಮಯ ಮತ್ತು ಸಾಲಿನ ಸಂಖ್ಯೆ ಗುರುತು ಹಾಕಿಕೊಂಡು ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಜಾಲತಾಣದಲ್ಲಿ ದೂರು ದಾಖಲಿಸಿ. ಒಳ್ಳೆಯದಾಗಿ ನಡೆದುಕೊಂಡವರ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನೂ ಓದಿಕೊಂಡು, ಪಾಳಿಯ ಮೇಲಧಿಕಾರಿ ಹತ್ತಿರದಲ್ಲಿದ್ದರೆ ಆ ಹೆಸರನ್ನು ಅವರ ಕಿವಿಗೆ ಹಾಕಿ. ನಾನು ಹಾಗೆ ಹೇಳಿದಾಗಲೆಲ್ಲ ಅವರು ಅದನ್ನು ಬರೆದುಕೊಂಡಿದ್ದಾರೆ.